ಹಗಲು ಬಾಗಿಲು ಬಡಿಯದ ಊರಿನಿಂದ

ಜೋಯಿಡಾದ ಕಾಡಿನೊಳಗಿನ ಈ ಊರಿಗೆ ಬಂದ ಮಾರನೇ ದಿನ ಮಧ್ಯಾಹ್ನ ಒಬ್ಬ ಹೆಂಗಸು ಸೀದಾ ನಮ್ಮ ಮನೆಯೊಳಗೆ ನಡೆದು ಬಂದಳು. ಕೂಗಲಿಲ್ಲ, ಕೆಮ್ಮಲಿಲ್ಲ, ಬಾಗಿಲ ಬಳಿ ಒಂದು ಗಳಿಗೆ ನಿಲ್ಲಲೂ ಇಲ್ಲ. ನಡುಮನೆಯಲ್ಲಿ ಚಾಪೆ ಹಾಸಿ ಮಲಗಿದ್ದ ನನ್ನ ಗಂಡನ ಕಾಲು ದಾಟಿ ಅಡುಗೆಮನೆಗೆ ಹೋದಳು. ಮಣ್ಣು ಮೆತ್ತಿದ ಒಂದು ದೊಡ್ಡ ಗೆಡ್ಡೆಯನ್ನು ಒಲೆಕಟ್ಟೆಯ ಮೇಲೆ ಧೊಪ್ಪನೆ ಇಟ್ಟಳು. ನಾನು ಕೈಯಲ್ಲಿ ಲಟ್ಟಣಿಗೆ ಹಿಡಿದು ಗರಬಡಿದವಳಂತೆ ನಿಂತಿದ್ದೆ. ಆಕೆ ನನ್ನ ಮುಖ ನೋಡಿ ನಕ್ಕು, ಕೊಂಕಣಿಯಲ್ಲಿ ಏನೋ ಹೇಳಿ, ಬಂದ ದಾರಿಯಲ್ಲೇ ಹೊರಟುಹೋದಳು.

ಗಂಡ ಎದ್ದು ಕೂತು, "ಯಾರ ಬಂದಿದ್ರು?" ಎಂದ.

"ನನಗೇನ ಗೊತ್ತರೀ? ನಿಮ್ಮನ್ನ ದಾಟಿಕೊಂಡ ಹೋದ್ಲು" ಎಂದೆ. ನನ್ನ ಎದೆ ಇನ್ನೂ ಹೊಡೆದುಕೊಳ್ಳುತ್ತಿತ್ತು.

ನನ್ನ ಊರು ಬೈಲಹೊಂಗಲದ ಕಡೆಯವರಿಗೆ ಇದರಲ್ಲಿ ಎದೆ ಹೊಡೆದುಕೊಳ್ಳುವಂಥದ್ದು ಏನಿದೆ ಅನ್ನಿಸಬಹುದು. ನಮ್ಮೂರಲ್ಲೂ ಹೆಂಗಸರು ಕೇಳಿ ಒಳಗೆ ಬರುವುದಿಲ್ಲ. ಆದರೆ ನಾನು ಇಲ್ಲಿಗೆ ಬಂದದ್ದು ಊರಿನಿಂದಲ್ಲ, ದಾಂಡೇಲಿಯ ಕಾಗದದ ಮಿಲ್ಲಿನ ಕಾಲೋನಿಯಿಂದ. ಮದುವೆಯಾಗಿ ದಾಂಡೇಲಿಗೆ ಬಂದ ಹೊಸತರಲ್ಲೇ ಮಿಲ್ಲಿನ ದವಾಖಾನೆಯಲ್ಲಿ ನರ್ಸ್ ಕೆಲಸ ಸಿಕ್ಕಿತು, ಅದರ ಹಿಂದೆಯೇ ಕ್ವಾರ್ಟರ್ಸ್ ಸಿಕ್ಕಿತು. ಗಂಡ ಆಟೋ ಓಡಿಸುತ್ತಿದ್ದ, ಅತ್ತೆ ನಮ್ಮ ಜೊತೆಗೇ ಇದ್ದರು.

ಮಿಲ್ಲು ಮೂರು ಪಾಳಿಯಲ್ಲಿ ನಡೆಯುತ್ತದೆ. ಆದ್ದರಿಂದ ಕಾಲೋನಿಯಲ್ಲಿ ಯಾವ ಹೊತ್ತಿಗೆ ನೋಡಿದರೂ ಯಾರೋ ಒಬ್ಬರು ಮಲಗಿರುತ್ತಾರೆ. ನಮ್ಮ ಓಣಿಯಲ್ಲಿ ಒಂದು ರೂಢಿಯಿತ್ತು: ಗೇಟಿನ ಮೇಲೆ ಟವೆಲ್ ಹಾಕಿದ್ದರೆ ಒಳಗೆ ರಾತ್ರಿ ಪಾಳಿ ಮುಗಿಸಿ ಬಂದವರು ಮಲಗಿದ್ದಾರೆ ಎಂದರ್ಥ. ಆ ಬಾಗಿಲು ಬಡಿಯುವಂತಿಲ್ಲ. ಸಕ್ಕರೆ ಬೇಕಾದರೂ ಹಿತ್ತಲಿಗೆ ಹೋಗಿ ಪಿಸುದನಿಯಲ್ಲಿ ಕರೆಯಬೇಕು. ತರಕಾರಿಯವನು ಕೂಡ ನಮ್ಮ ಓಣಿಗೆ ಬಂದಾಗ ದನಿ ತಗ್ಗಿಸಿ, ಬದನೆಕಾಯಿಯ ಗುಟ್ಟು ಹೇಳುವವನಂತೆ ಕೂಗುತ್ತಿದ್ದ. ಬರಬರುತ್ತಾ ಟವೆಲ್ ಇರಲಿ ಬಿಡಲಿ, ಹಗಲಲ್ಲಿ ಯಾರ ಬಾಗಿಲನ್ನೂ ಬಡಿಯದಿರುವುದೇ ನಮ್ಮ ಮೈಗೆ ಹತ್ತಿಬಿಟ್ಟಿತು. ಹೊಲದ ಈ ಬದುವಿನಿಂದ ಆ ಬದುವಿಗೆ ಕೂಗಿ ಬೆಳೆದ ನಮ್ಮ ಅತ್ತೆಗೆ ಇದನ್ನು ಕಲಿಯುವುದು ಬಹಳ ಕಷ್ಟವಾಯಿತು, ಆದರೂ ಕಲಿತರು.

ಹೀಗಿರುವಾಗ, ಹಿಂದೆ ಯಾವಾಗಲೋ ಬರೆದಿದ್ದ ಪರೀಕ್ಷೆಯ ಫಲ ಬಂತು. ಸರಕಾರಿ ಆರೋಗ್ಯ ಸಹಾಯಕಿಯ ಕಾಯಂ ಕೆಲಸ. ಜಾಗ ಜೋಯಿಡಾ ತಾಲೂಕಿನ ಒಂದು ಉಪಕೇಂದ್ರ, ಎಂದರೆ ಹಳ್ಳಿಯ ಸಣ್ಣ ದವಾಖಾನೆ. ಡಾಕ್ಟರ್ ಇರುವುದಿಲ್ಲ, ಸಿಸ್ಟರೇ ಎಲ್ಲ.

ನಮ್ಮ ಮನೆಯಲ್ಲಿ ಎರಡು ನೌಕರಿಯನ್ನು ತೂಗಿದ್ದು ಅಡುಗೆಮನೆಯಲ್ಲಿ, ರೊಟ್ಟಿ ಬಡಿಯುತ್ತಾ. ಒಂದು ಕಡೆ ಸರಕಾರಿ ಪಗಾರ, ಮಿಲ್ಲಿನದಕ್ಕಿಂತ ಒಳ್ಳೇ ಹೆಚ್ಚು. ಅರವತ್ತರ ತನಕ ಯಾರೂ ಹೋಗು ಎನ್ನುವಂತಿಲ್ಲ. ಇನ್ನೊಂದು ಕಡೆ ಕ್ವಾರ್ಟರ್ಸ್, ನಲ್ಲಿ ತಿರುವಿದಾಗ ಬರುವ ನೀರು, ಕರೆಂಟು, ಹಬ್ಬಕ್ಕೆ ಮಿಠಾಯಿ ಡಬ್ಬಿ. ಅದೆಲ್ಲಕ್ಕಿಂತ ಮುಖ್ಯವಾಗಿ ಅತ್ತೆಯ ಕಣ್ಣು. ಸಕ್ಕರೆ ಕಾಯಿಲೆ ಅವರ ಕಣ್ಣಿಗೆ ಇಳಿದಿತ್ತು. ಮಿಲ್ಲಿನವರೇ ಹುಬ್ಬಳ್ಳಿಯ ಕಣ್ಣಿನ ದವಾಖಾನೆಗೆ ಕಳಿಸಿ ಪೂರ್ತಿ ಖರ್ಚು ಕೊಡುತ್ತಿದ್ದರು. ನೌಕರಿ ಬಿಟ್ಟರೆ ಅದೂ ಹೋಯಿತು.

ಊರಿನಿಂದ ನನ್ನ ಅಣ್ಣ ಫೋನಿನಲ್ಲೇ ಬೈದ. "ತಲಿ ಕೆಟ್ಟೈತೇನ ನಿಂದು? ಸರಕಾರಿ ನೌಕರಿ ಹುಡಿಕ್ಕೊಂಡ ಬಂದೈತಿ, ನಲ್ಲ್ಯಾಗ ನೀರ ಬರತೈತಿ ಅಂತ ಕ್ವಾರ್ಟರ್ಸ್ ಹಿಡಕೊಂಡ ಕುಂತೀ! ಪಿಂಚಣಿ ಬರತೈತಿ, ಪಿಂಚಣಿ!" ಈಗ ಸೇರುವವರಿಗೆ ಆ ಹಳೇ ಪಿಂಚಣಿ ಇಲ್ಲ ಎಂದು ಹೇಳಿದರೆ ಅವನು ನಂಬಲಿಲ್ಲ, ನಾನೇ ಬೇಡದ ನೆವ ಹುಡುಕುತ್ತಿದ್ದೇನೆ ಎಂದುಕೊಂಡ.

ಮಿಲ್ಲಿನ ಡಾಕ್ಟರು ಮಾತ್ರ ಸಮಾಧಾನದಿಂದ ಹೇಳಿದರು. "ಶಾಂತಾ, ಪಗಾರ ಅಲ್ಲಿ ಜಾಸ್ತಿ, ಖರೆ. ಆದ್ರ ಇಲ್ಲಿ ಪಗಾರದಾಗ ಕಾಣದ್ದ ಭಾಳ ಅದಾವ. ಹೋಗಿ ನೋಡ್ರಿ. ಯುಗಾದಿ ತನಕ ಕ್ವಾರ್ಟರ್ಸ್ ಇಟ್ಕೊಳ್ಳಾಕ ಕೊಡಸ್ತೇನಿ. ನಿಮ್ಮ ಜಾಗಾಕ್ಕೂ ಅಲ್ಲೀತನಾ ಯಾರನ್ನೂ ತೊಗೊಳ್ಳಂಗಿಲ್ಲ. ಮನಸ ಬದಲಾತಂದ್ರ ಫೋನ್ ಮಾಡ್ರಿ."

ಚಳಿ ಶುರುವಾಗುವ ಹೊತ್ತಿಗೆ ನಾನು ಹೊರಟೆ. ಗಂಡ ಮತ್ತು ಅತ್ತೆ ಕಾಲೋನಿಯಲ್ಲೇ ಉಳಿದರು. ಗಂಡ ಎರಡು ದಿನ ಜೊತೆಗಿದ್ದು, ಬಾಡಿಗೆ ಮನೆಯಲ್ಲಿ ಸಾಮಾನು ಹೊಂದಿಸಿಕೊಟ್ಟು, ದಾಂಡೇಲಿಯ ಬಸ್ಸು ಹತ್ತಿದ.

ಇಲ್ಲಿಯ ಊಟ ಅನ್ನ, ಮೀನು, ಗೆಡ್ಡೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡ ನನಗೆ ಮೀನು ದೂರ, ಅನ್ನ ಎಷ್ಟು ಉಂಡರೂ ಉಂಡಂತಾಗದು. ಜೋಳದ ಹಿಟ್ಟನ್ನು ಗಂಡ ದಾಂಡೇಲಿಯಿಂದ ಕಳಿಸಬೇಕು. ಮಾತು ಕೊಂಕಣಿ. ಎಲ್ಲಿ ನೋವು ಎಂದು ಕೇಳಲು 'ಖೈ ದುಖ್ತಾ' ಅನ್ನಬೇಕು. ಅದನ್ನು ಬೇಗ ಕಲಿತೆ, ಆದರೆ ಅವರು ಕೊಡುವ ಉತ್ತರ ತಿಳಿಯುತ್ತಿರಲಿಲ್ಲ, ಕೈ ಎಲ್ಲಿ ಇಟ್ಟುಕೊಳ್ಳುತ್ತಾರೆ ಎಂದು ನೋಡಬೇಕಿತ್ತು. ಫೋನಿಗೆ ಸಿಗ್ನಲ್ ಸಿಗುವುದು ಶಾಲೆಯ ಹಿಂದಿನ ದಿನ್ನೆಯ ಮೇಲೆ ಮಾತ್ರ. ಸಂಜೆ ಅಲ್ಲಿ ಅರ್ಧ ಊರು ಸೇರಿರುತ್ತದೆ. ನಮ್ಮ ಗಂಡ ಹೆಂಡಿರ ಜಗಳ ಕೇಳಿದ ಜನರಿಗೆ ಕನ್ನಡ ಅಷ್ಟಾಗಿ ಬರುತ್ತಿರಲಿಲ್ಲ ಎನ್ನುವುದೇ ನನ್ನ ಪುಣ್ಯ.

ಆ ದಿನಗಳಲ್ಲಿ ನಾನು ಬಹಳ ಅತ್ತೆ. ಕೆಲಸ ಕಷ್ಟವೆಂದು ಅಳಲಿಲ್ಲ, ಕೆಲಸವೇ ಕೈಗೆ ಹತ್ತುತ್ತಿರಲಿಲ್ಲವೆಂದು ಅತ್ತೆ. ಮನೆಮನೆಗೆ ಹೋಗಿ ಬಸುರಿಯರನ್ನು, ಬಾಣಂತಿಯರನ್ನು ನೋಡುವುದು ಇಲ್ಲಿ ಮುಖ್ಯ ಕೆಲಸ. ನಾನು ದಿನವೂ ಹೋಗುತ್ತಿದ್ದೆ. ಆದರೆ ಜನ ನನ್ನ ಹತ್ತಿರ ಸುಳಿಯುತ್ತಿರಲಿಲ್ಲ. ಮೊದಮೊದಲು ನಕ್ಕವರೂ ಮುಖ ತಿರುಗಿಸತೊಡಗಿದರು. ಒಂದು ಸಂಜೆ ದಿನ್ನೆಯ ಮೇಲೆ ನಿಂತು ಗಂಡನಿಗೆ ಹೇಳಿಯೇಬಿಟ್ಟೆ: "ನನ್ನ ಕಡಿಂದ ಆಗಂಗಿಲ್ರೀ. ಯುಗಾದಿಗೆ ವಾಪಸ್ ಬರ್ತೇನಿ."

"ಬಾ" ಎಂದ. ಅವನ ದನಿಯಲ್ಲಿ ಬೇಸರವಿರಲಿಲ್ಲ, ಅದು ನನಗೆ ಇನ್ನಷ್ಟು ಬೇಸರ ತಂದಿತು.

ಅಂದು ಗೆಡ್ಡೆ ತಂದಿಟ್ಟವಳ ಹೆಸರು ಸಾವಿತ್ರಿ. ಊರಿನ ಆಶಾ ಕಾರ್ಯಕರ್ತೆ, ಈ ಕಾಡಿನ ಕುಣಬಿ ಜನಾಂಗದವಳು, ನನ್ನ ಜೊತೆಗೇ ಕೆಲಸ ಮಾಡುವವಳು. ಗೆಡ್ಡೆಯನ್ನು ಹುಳಿ ಹಾಕದೆ ಬೇಯಿಸಿ ನಾನು ಗಂಟಲು ಕೆರೆದುಕೊಂಡಿದ್ದು ತಿಳಿದು, ಒಣಗಿಸಿದ ಮುರುಗಲ ಹುಳಿ ತಂದುಕೊಟ್ಟವಳೂ ಅವಳೇ. ಮುಂಡಗೋಡದ ಕಡೆ ಗದ್ದೆ ಕೆಲಸಕ್ಕೆ ಹೋಗಿ ಬಂದು ಕನ್ನಡ ಕಲಿತಿದ್ದಳು. ನಾನು ವಾಪಸ್ ಹೋಗುವ ಮಾತು ದಿನ್ನೆಯಿಂದ ಅವಳ ಕಿವಿಗೂ ಬಿದ್ದಿತ್ತು. ಮಾರನೇ ದಿನ ಉಪಕೇಂದ್ರದ ಕಟ್ಟೆಯ ಮೇಲೆ ಕೂತು, ಸಿಟ್ಟಿನಿಂದಲೇ ಮಾತು ತೆಗೆದಳು.

"ಹೋಗ್ರಿ ಬಾಯಿ. ನಮ್ಮ ಮನಿ ನೀರ ನಡೀದವ್ರಿಗೆ ಈ ಊರ ಯಾಕ?"

"ಯಾರ ಹಂಗ ಅಂದವ್ರು?" ಎಂದೆ, ಗಾಬರಿಯಾಗಿ.

"ಎಲ್ಲಾರೂ ಅಂತಾರ. ಸಿಸ್ಟರಬಾಯಿ ಕೊರಳಾಗ ಲಿಂಗ ಐತಿ, ನಮ್ಮ ಹೊಸ್ತಿಲಾ ದಾಟಂಗಿಲ್ಲ. ಅಂಗಳಕ್ಕ ಬರ್ತಾರ, ಗುಮ್ಮನ ಗತೆ ನಿಂತ ಬಾಗಲಾ ನೋಡತಾರ, ಹೊಳ್ಳಿ ಹೋಗತಾರ. ತಮ್ಮ ಬಾಗಲದಾಗ ಒಂದ ಅರವಿ ಕಟ್ಟ್ಯಾರ, ಯಾರೂ ಒಳಗ ಬರಬಾರದಂತ. ಹಂಗ ಅಂತಾರ."

ನನಗೆ ಮೈಯೆಲ್ಲಾ ಉರಿದುಹೋಯಿತು. ಜಾತಿ ಹಿಡಿದು ಮನುಷ್ಯರನ್ನು ದೂರ ಇಡುವವಳು ನಾನು ಎಂದು ಇಡೀ ಊರು ತಿಳಿದಿದೆ! ನಾನು ಮಾಡಿದ್ದಾದರೂ ಏನು? ಮಧ್ಯಾಹ್ನ ಬಾಗಿಲು ಮುಂದಕ್ಕೆ ಮಾಡಿದ್ದರೆ ಒಳಗೆ ಯಾರೋ ಮಲಗಿರಬೇಕೆಂದು ಅಂಗಳದಲ್ಲಿ ನಿಂತು ಕಾದಿದ್ದೆ. ಯಾರಾದರೂ ಹೊರಗೆ ಬಂದರೆ ಮಾತಾಡುವುದು, ಇಲ್ಲದಿದ್ದರೆ ಸದ್ದು ಮಾಡದೆ ಮುಂದಿನ ಮನೆಗೆ ಹೋಗುವುದು. ದಣಿದು ಮಲಗಿದಾಗ ಹಳೇ ರೂಢಿಯಂತೆ ನನ್ನ ಬಾಗಿಲಿಗೆ ಟವೆಲ್ ಕಟ್ಟಿದ್ದೆ. ಕಾಲೋನಿಯಲ್ಲಿ ಇದಕ್ಕೆಲ್ಲ ಮರ್ಯಾದೆ ಎನ್ನುತ್ತಾರೆ. ಇಲ್ಲಿ ಯಾರಿಗೆ ರಾತ್ರಿ ಪಾಳಿ? ಬಾಗಿಲು ಮುಂದಕ್ಕೆ ಮಾಡುವುದು ಕೋಳಿ ಒಳಗೆ ಬಾರದಿರಲಿ ಎಂದು. ಮೂರು ಪಾಳಿಯ ಮಿಲ್ಲಿನ ಕಥೆ, ಟವೆಲ್ಲಿನ ಕಥೆ ಎಲ್ಲವನ್ನೂ ಸಾವಿತ್ರಿಗೆ ಹೇಳಿದೆ. ಅವಳು ಮೊದಲು ನಂಬಲಿಲ್ಲ. ನಂಬಿದ ಮೇಲೆ ಕಟ್ಟೆಯ ಮೇಲೆ ಉರುಳಾಡಿ ನಕ್ಕಳು.

"ಹಗಲಿ ಮಲಗೂ ಊರು!" ಎಂದು ಕಣ್ಣೊರೆಸಿಕೊಂಡಳು. "ಏಳ್ರಿ ಬಾಯಿ, ಬರ್ರಿ."

ಅವಳ ಹಿಂದೆ ಕೆಳಗಿನ ಕೇರಿಯ ಬಾಣಂತಿಯ ಮನೆಗೆ ಹೋದೆ. ನಾನು ಅಭ್ಯಾಸದಂತೆ ಅಂಗಳದಲ್ಲಿ ನಿಂತೆ. ಸಾವಿತ್ರಿ ಬೆನ್ನ ಮೇಲೆ ಕೈಯಿಟ್ಟು ತಳ್ಳಿದಳು. ಬಾಗಿಲು ದೂಡಿ, ನಡುಮನೆ ದಾಟಿ, ಸೀದಾ ಒಲೆಯ ಮುಂದೆ ಹೋಗಿ ಕೂತೆ. ಬಾಣಂತಿಯ ಅತ್ತೆ ಬೆಂಕಿ ಊದುತ್ತಿದ್ದವಳು ತಿರುಗಿ ನೋಡಿ ಬಾಯಿ ಬಿಟ್ಟಳು. "ಉದಕ" ಎಂದು ಕೇಳಿದೆ. ಕೊಂಕಣಿಯಲ್ಲಿ ನೀರಿಗೆ ಉದಕ ಎನ್ನುತ್ತಾರೆ. ಆಕೆ ಸಾವಿತ್ರಿಯ ಮುಖ ನೋಡಿ, ಆಮೇಲೆ ತಂಬಿಗೆ ತುಂಬಿ ತಂದಳು. ಗಟಗಟ ಕುಡಿದೆ. ಕೂಸನ್ನು ತಾನಾಗಿಯೇ ತಂದು ನನ್ನ ತೊಡೆಯ ಮೇಲೆ ಹಾಕಿದಳು. ಕೂಸು ಬಡವಾಗಿತ್ತು. ಹಾಲು ಕುಡಿಸುವಾಗ ತಾಯಿ ಅದನ್ನು ಹಿಡಿಯುವ ರೀತಿ ಸರಿಯಿರಲಿಲ್ಲ, ಪಕ್ಕದಲ್ಲಿ ಕೂತು ತೋರಿಸಿಕೊಟ್ಟೆ. ಅಂಗಳದಲ್ಲೇ ನಿಂತಿದ್ದರೆ ಅದು ನನ್ನ ಕಣ್ಣಿಗೆ ಬೀಳುತ್ತಿರಲಿಲ್ಲ.

ಅಲ್ಲಿಂದ ಮುಂದೆ ದಾರಿ ಸಲೀಸಾಯಿತು. ಟವೆಲ್ಲಿನ ಕಥೆ ನನಗಿಂತ ಮುಂದಾಗಿ ಮನೆಮನೆ ತಲುಪಿತ್ತು. ಆ ಕೂಸು ಗುಂಡಗಾಯಿತು. ತಿಂಗಳು ಕಳೆಯುವುದರೊಳಗೆ ಹೆಂಗಸರು ಹೇಳಿಕೊಳ್ಳದ ನೋವನ್ನೂ ನನ್ನ ಕಿವಿಯಲ್ಲಿ ಹೇಳತೊಡಗಿದರು, ಅವರ ಉತ್ತರವೂ ನನಗೆ ತಿಳಿಯತೊಡಗಿತು.

ಯುಗಾದಿ ಹತ್ತಿರ ಬಂತು. ಅತ್ತೆ ನಾನಿರುವ ಊರು ನೋಡಬೇಕೆಂದು ಎಂಟು ದಿನದ ಮಟ್ಟಿಗೆ ಬಂದರು. ಬಂದ ದಿನವೇ ಒಲೆಯ ಸುತ್ತ ಹೆಂಗಸರು ಸೇರಿದರು. ಇವರಿಗೆ ಕೊಂಕಣಿ ಬಾರದು, ಅವರಿಗೆ ಬೈಲಹೊಂಗಲದ ಕನ್ನಡ ಬಾರದು, ಆದರೆ ಗದ್ದಲ ಮಾತ್ರ ಸಂತೆಯದು. ಮೂರನೇ ದಿನ ಅತ್ತೆ ಹಿತ್ತಲಲ್ಲಿ ನಿಂತು ದೂರದ ಸಾವಿತ್ರಿಯ ಮನೆಗೆ ಗಂಟಲು ಬಿಟ್ಟು ಕೂಗಿದರು. ಅಷ್ಟು ದೊಡ್ಡ ದನಿ ಅವರಲ್ಲಿದೆ ಎನ್ನುವುದೇ ನನಗೆ ಮರೆತುಹೋಗಿತ್ತು.

ಆದರೂ ನನ್ನ ಮನಸ್ಸು ಅವರ ಕಣ್ಣಿನ ಮೇಲೇ ಇತ್ತು. ಮಿಲ್ಲಿನ ಡಾಕ್ಟರಿಗೆ ಉತ್ತರ ಕೊಡುವ ದಿನ ದಿನ್ನೆಗೆ ಹೊರಟಾಗ ಅತ್ತೆಯೂ ಕೋಲೂರಿಕೊಂಡು ಜೊತೆಗೆ ಬಂದರು. "ಏನ ಹೇಳಾಕಿ?" ಎಂದರು.

"ವಾಪಸ್ ಬರ್ತೇನಿ ಅಂತ. ನಿಮ್ಮ ಕಣ್ಣಿನ ಖರ್ಚು ಮಿಲ್ಲಿನವ್ರ ಕೊಡತಾರ. ಬ್ಯಾರೆ ಏನ ಹೇಳಲಿ?"

ಅತ್ತೆ ಅಲ್ಲೇ ಕಲ್ಲಿನ ಮೇಲೆ ಕೂತರು. "ನನ್ನ ಕಣ್ಣ ನೆವಾ ಮಾಡಬ್ಯಾಡ ಶಾಂತವ್ವ. ಹೆಚ್ಚಿಗಿ ಪಗಾರ ಬರತೈತೆಲ್ಲಾ, ಹುಬ್ಬಳ್ಳಿಗೆ ನೀನ ಕರಕೊಂಡ ಹೋಗು. ನಲ್ಲಿ ತೂಗಿದಿ, ಪಿಂಚಣಿ ತೂಗಿದಿ, ನನ್ನನ್ನೂ ತಕ್ಕಡ್ಯಾಗ ಇಟ್ಟ ತೂಗಿದಿ. ನಿನ್ನ ಮನಸಿಗೆ ಏನ ಬೇಕು, ಅದನ್ನ ಹೇಳು."

ನನಗೆ ಏನು ಬೇಕು ಎಂದು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ಮಿಲ್ಲಿನ ದವಾಖಾನೆಯಲ್ಲಿ ಡಾಕ್ಟರು ಬರೆದ ಗುಳಿಗೆ ಎಣಿಸಿ ಕೊಡುತ್ತಿದ್ದೆ, ಯಾರೂ ನನ್ನನ್ನು ನೋಯಿಸಿರಲಿಲ್ಲ. ಇಲ್ಲಿ ನನ್ನ ದಾರಿ ಕಾಯುವವರಿದ್ದಾರೆ. "ಇಲ್ಲೇ ಇರಬೇಕಂತ ಅನಸ್ತೈತಿ ಅತ್ತಿ" ಎಂದೆ, ಅಷ್ಟಕ್ಕೇ ಅಳು ಒತ್ತರಿಸಿ ಬಂತು. ಅತ್ತೆ ಸೆರಗಿನಿಂದ ನನ್ನ ಮುಖ ಒರೆಸಿ, "ಹಂಗಾರ ಫೋನ್ ಹಚ್ಚು" ಎಂದರು.

ಕ್ವಾರ್ಟರ್ಸ್ ಖಾಲಿ ಮಾಡಿದೆವು. ಗಂಡನ ಆಟೋ ದಾಂಡೇಲಿಯ ರಸ್ತೆ ಬಿಟ್ಟು ಬಾರದು, ಅವನು ಹಳೇ ದಾಂಡೇಲಿಯಲ್ಲಿ ಒಂದು ಖೋಲಿ ಹಿಡಿದಿದ್ದಾನೆ. ಶನಿವಾರ ಸಂಜೆ ಜೋಳದ ಹಿಟ್ಟಿನ ಚೀಲದೊಂದಿಗೆ ಬರುತ್ತಾನೆ, ಸೋಮವಾರ ಬೆಳಗ್ಗೆ ಹೋಗುತ್ತಾನೆ. ಅವನು ಹೋದ ಮೇಲೆ ಮನೆ ಬಿಕೋ ಎನ್ನುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಅತ್ತೆ ನನ್ನ ಜೊತೆಗಿದ್ದಾರೆ. ಹುಬ್ಬಳ್ಳಿಯ ಕಣ್ಣಿನ ಡಾಕ್ಟರಿಗೆ ಈಗ ನನ್ನ ಪಗಾರದಿಂದಲೇ ಕೊಡುತ್ತೇನೆ. ಹೆಚ್ಚಿಗೆ ಬಂದದ್ದರಲ್ಲಿ ಬಹಳಷ್ಟು ಅದಕ್ಕೇ ಹೋಗುತ್ತದೆ, ಅಣ್ಣನಿಗೆ ಇದನ್ನು ಹೇಳಿಲ್ಲ. ಅತ್ತೆಯ ಕಣ್ಣು ಇದ್ದಷ್ಟೇ ಇದೆ, ಕೆಟ್ಟಿಲ್ಲ.

ಹುಬ್ಬಳ್ಳಿಗೆ ಹೋಗುವಾಗ ದಾಂಡೇಲಿಯಲ್ಲಿ ಇಳಿದು ಕಾಲೋನಿಯ ಗೆಳತಿಯರನ್ನು ನೋಡಿಯೇ ಮುಂದೆ ಹೋಗುತ್ತೇವೆ. ಕಳೆದ ಸಲ ಹಾಗೆ ಹೋಗಿ ಬರುವಾಗ ಬಸ್ಸಿನಲ್ಲಿ ಅತ್ತೆ ನನ್ನನ್ನೇ ನೋಡಿ ನಗುತ್ತಿದ್ದರು.

"ಯಾಕ್ರಿ ಅತ್ತಿ?"

"ಸಾವಿತ್ರಿ ಮುಂದ ಮಿಲ್ಲಿನ ಸುದ್ದಿ ಹೇಳುವಾಗ 'ನಮ್ಮಲ್ಲೆ' ಅಂತಿ. ಇವತ್ತ ಕಾಲೋನ್ಯಾಗ ಈ ಊರ ಸುದ್ದಿ ಹೇಳುವಾಗ್ಲೂ 'ನಮ್ಮಲ್ಲೆ' ಅಂದಿ. ನಿಮ್ಮಣ್ಣನ ಕೂಡ ಬೈಲಹೊಂಗಲಕ್ಕೂ 'ನಮ್ಮಲ್ಲೆ' ಅಂತಿ. ಇಷ್ಟ ಊರ ನಿನ್ನವ ಅಂದ್ರ ಬಾಡಿಗಿ ಎಲ್ಲಿ ಕೊಡಾಕಿ?"

ಬಸ್ಸು ಗಣೇಶಗುಡಿ ದಾಟಿ ಕಾಡಿನ ತಿರುವುಗಳನ್ನು ಹತ್ತುತ್ತಿತ್ತು.

"ಎಲ್ಲಾ ಕಡೆನೂ ಕೊಡಾಕತ್ತೇನಿ, ಅತ್ತಿ" ಎಂದೆ.