ರಾಜ ಬೇಡವೆಂದ ದೋಣಿಯ ಸಿವರ್ಟ್

ನಾರ್ವೆಯ ಪಡುವಣ ಕರಾವಳಿಯಲ್ಲಿ ಕ್ರಿಸ್ಟಿಯಾನ್‌ಸುಂಡ್ ಊರು ದ್ವೀಪಗಳ ಮೇಲೆ ಹಂಚಿಕೊಂಡು ಕೂತಿದೆ. ಒಂದು ದ್ವೀಪದವರು ಇನ್ನೊಂದಕ್ಕೆ ಹೋಗಬೇಕಾದರೆ ಬಂದರಿನ ಹಬೆದೋಣಿಯನ್ನೇ ಹತ್ತಬೇಕು. ಸಿವರ್ಟ್ ಔಕನ್ ಮೀಸೆ ಮೂಡುವ ಮೊದಲೇ ಆ ದೋಣಿಗೆ ಕಲ್ಲಿದ್ದಲು ತುಂಬಲು ಸೇರಿದವನು. ಮುಂದೆ ಅದರ ಚುಕ್ಕಾಣಿ ಹಿಡಿದ. ಮಾತಿಗೆ ನಿಂತರೆ ಸೋಲದ ಮನುಷ್ಯ. ದೋಣಿಯಲ್ಲಿ ಕೂತವರು ಎದ್ದು ಹೋಗುವಂತಿಲ್ಲವಾದ್ದರಿಂದ ಕೇಳುವವರಿಗೂ ಕೊರತೆಯಿರಲಿಲ್ಲ.

೧೯೦೫ರಲ್ಲಿ ನಾರ್ವೆ ಸ್ವೀಡನ್ನಿನ ರಾಜನಿಂದ ಬಿಡಿಸಿಕೊಂಡಿತು. ಇನ್ನು ನಮ್ಮನ್ನು ಆಳುವವರು ಯಾರು ಎಂಬ ಪ್ರಶ್ನೆ ಬಂತು. ಡೆನ್ಮಾರ್ಕಿನ ರಾಜಕುಮಾರನೊಬ್ಬನನ್ನು ಕರೆಯಲು ಸಂಸತ್ತು ಹೊರಟಿತು. ಜನ ಒಪ್ಪಿದರೆ ಮಾತ್ರ ಬರುತ್ತೇನೆ ಎಂದು ಆತ ಹೇಳಿ ಕಳಿಸಿದ. ಹಾಗಾಗಿ ನವೆಂಬರಿನಲ್ಲಿ ಓಟು ನಡೆಯಿತು. ಓಟು ಗಂಡಸರಿಗೆ ಮಾತ್ರ. ಸಿವರ್ಟನ ಹೆಂಡತಿ ರಾಗ್ನಾ, ಬಂಡೆಗಳ ಮೇಲೆ ಉಪ್ಪುಮೀನು ಒಣಹಾಕುವ ಹೆಂಗಸು, ರಾಜ ಬರಲಿ ಎಂಬ ಕಡೆಯವಳು. ಗಂಡ, ರಾಜನೇ ಬೇಡ ಎನ್ನುವ ಗಣರಾಜ್ಯದ ಕಡೆಯವನು.

"ಆ ಹುಡುಗ ನಿನಗೇನು ಕೆಟ್ಟದ್ದು ಮಾಡಿದಾನೆ?" ಎಂದಳು ರಾಗ್ನಾ, ಅವನ ಕೋಟಿನ ಧೂಳು ಕೊಡವುತ್ತ.

"ಏನೂ ಮಾಡಿಲ್ಲ. ಅದೇ ತೊಂದರೆ. ಏನೂ ಮಾಡದೇನೇ ರಾಜ ಆಗ್ತಾನಲ್ಲ."

"ಕೇಳಿಕೊಂಡೇ ಬರ್ತೀನಿ ಅಂದಿದಾನಂತೆ. ನೀನು ಮದುವೆಗೆ ನಮ್ಮಪ್ಪನ್ನ ಕೇಳಿದ್ದೆ, ನನ್ನನ್ನ ಕೇಳಿರಲಿಲ್ಲ."

ಸಿವರ್ಟ್ ಕೋಟು ತೊಟ್ಟು ಹೊರಟ. ಅವನು ಹೋಗಿ 'ಬೇಡ' ಎಂದೇ ಓಟು ಹಾಕಿದ. ದೇಶದಲ್ಲಿ ಐವರಲ್ಲಿ ನಾಲ್ವರು 'ಬೇಕು' ಎಂದರು. ಸುದ್ದಿ ಬಂದ ದಿನ ರಾಗ್ನಾ ಹಬ್ಬಕ್ಕೆ ಮಾಡುವ ಹುಳಿಕೆನೆಯ ಗಂಜಿ ಮಾಡಿ, ಸೋತವನಿಗೆ ಇನ್ನೊಂದು ಸೌಟು ಎಂದು ಬಡಿಸಿದಳು. ಅವನು ಬೇಡವೆನ್ನದೆ ಉಂಡ.

ಆಮೇಲಿನ ವರ್ಷಗಳ ಜಗಳವೆಲ್ಲ ಆಂಟನ್ ರೀಸ್ನೆಸ್‌ನೊಂದಿಗೆ. ರೀಸ್ನೆಸ್ ಒಣಮೀನನ್ನು ಸ್ಪೇನಿಗೆ ಕಳಿಸುವ ಸಾಹುಕಾರ. ಬೆಳಗಾದರೆ ಬೆತ್ತ ಹಿಡಿದು ದೋಣಿ ಹತ್ತುವನು. ಅವನ ಅಂಗಡಿಯ ಗೋಡೆಯಲ್ಲಿ ರಾಜನ ಪಟ. ಅವನ ಕಾಲು ಹಲಗೆಯ ಮೇಲೆ ಬೀಳುತ್ತಲೇ ಸಿವರ್ಟ್ ಶುರುಮಾಡುವನು.

"ನಮ್ಮ ದೋಣಿ ಕೆಲಸಗಾರರ ಸಂಘದ ಕಾರ್ಯದರ್ಶೀನ ವರ್ಷವರ್ಷ ನಾವೇ ಆರಿಸ್ತೀವಿ, ಸಾಹುಕಾರ್ರೇ. ಸರಿಯಿಲ್ಲ ಅಂದ್ರೆ ಇಳಿಸ್ತೀವಿ. ನಿಮ್ಮ ರಾಜನ್ನ ಇಳಿಸೋದು ಹೇಗೆ?"

"ಇಳಿಸೋಕೆ ಅವನ ಕೈಲಿ ಏನಿದೆ? ಕಾನೂನು ಮಾಡೋರು ನೀನು ಆರಿಸಿ ಕಳಿಸಿದವರು. ಅವನು ಆ ಮೇಲಿನ ಕುರ್ಚೀಲಿ ಕೂತಿದ್ರೆ ಇನ್ಯಾವ ದುರಾಸೆಯವನೂ ಅಲ್ಲಿ ಕೂರೋಕಾಗಲ್ಲ. ಅಷ್ಟೇ ಅವನ ಉಪಯೋಗ."

"ಒಂದು ಕುರ್ಚಿ ಕಾಯೋಕೆ ಅರಮನೆ ಬೇಕಾ?"

"ನೀನು ದೋಣಿ ನಡೆಸಯ್ಯ. ಬಂದರಿನ ಗೋಡೆಗೆ ಗುದ್ದಿಬಿಟ್ಟೀಯ."

ಪ್ರಯಾಣಿಕರು ನಗುತ್ತಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ಮನೆಗೆ ಕರೆದವರಲ್ಲ. ಆದರೆ ರೀಸ್ನೆಸ್‌ಗೆ ಒಂದು ದಿನ ಜ್ವರ ಬಂದು ಕಾಣದಿದ್ದರೆ ಸಿವರ್ಟನಿಗೆ ಆ ದಿನವೆಲ್ಲ ಏನೋ ಕಳೆದುಕೊಂಡಂತೆ ಇರುತ್ತಿತ್ತು.

೧೯೪೦ರ ಏಪ್ರಿಲ್‌ನಲ್ಲಿ ಜರ್ಮನ್ ಸೈನ್ಯ ದೇಶಕ್ಕೆ ನುಗ್ಗಿತು. ತಿಂಗಳ ಕೊನೆಗೆ ಅವರ ವಿಮಾನಗಳು ಕ್ರಿಸ್ಟಿಯಾನ್‌ಸುಂಡ್‌ನ ಮೇಲೆ ಬಾಂಬು ಸುರಿದವು. ಮರದ ಮನೆಗಳ ಊರು, ಒಂದಕ್ಕೆ ತಗುಲಿದ ಬೆಂಕಿ ಸಾಲಿಗೇ ಹಬ್ಬಿತು. ಸಿವರ್ಟ್ ದೋಣಿಯಲ್ಲಿ ಜನರನ್ನು ಆಚೆ ದಡಕ್ಕೆ ಸಾಗಿಸುತ್ತಲೇ ಇದ್ದ. ತನ್ನ ಮನೆಯ ಬೀದಿ ಉರಿಯುವುದು ಅವನಿಗೆ ನೀರಿನ ಮೇಲಿಂದಲೇ ಕಂಡಿತು. ಕೊನೆಯ ಸರದಿಯಲ್ಲಿ ರಾಗ್ನಾ ಹತ್ತಿದಳು. ಅವಳ ಕೈಯಲ್ಲಿ ಕಾಫಿಯ ಕೆಟಲ್ ಒಂದೇ ಇತ್ತು. ಊರಾಚೆ ರಾಗ್ನಾಳ ತಂಗಿಯ ಹೊಲಮನೆಯಲ್ಲಿ ಅವರು ಉಳಿದುಕೊಂಡರು. ಮುಂದೆ ಸಿವರ್ಟ್ ಅಲ್ಲಿಂದಲೇ ದೋಣಿಯ ಕೆಲಸಕ್ಕೆ ಹೋಗಿಬರುತ್ತಿದ್ದ.

ಅಲ್ಲಿಗೆ ಬಾಯಿಂದ ಬಾಯಿಗೆ ಒಂದು ಸುದ್ದಿ ಬಂತು. ತಮಗೆ ಬೇಕಾದವನನ್ನು ಪ್ರಧಾನಿ ಮಾಡು ಎಂದು ಜರ್ಮನರು ರಾಜನನ್ನು ಒತ್ತಾಯಿಸಿದ್ದರಂತೆ. ರಾಜ ಮಂತ್ರಿಗಳನ್ನು ಕರೆದು, ಜನ ನಂಬದವನನ್ನು ನಾನು ನೇಮಿಸಲಾರೆ, ಆದರೆ ತೀರ್ಮಾನ ನಿಮ್ಮದು, ನೀವು ಒಪ್ಪುವುದಾದರೆ ನಾನು ಸಿಂಹಾಸನ ಬಿಟ್ಟು ಹೋಗುತ್ತೇನೆ ಎಂದನಂತೆ. ಮಂತ್ರಿಗಳು ಅವನ ಜೊತೆ ನಿಂತರು. ಆಮೇಲೆ ಅವರೆಲ್ಲ ಹಿಮದ ಕಾಡಿನಲ್ಲಿ ಬಾಂಬಿಗೆ ತಪ್ಪಿಸಿಕೊಳ್ಳುತ್ತ ಉತ್ತರಕ್ಕೆ ಹೋಗಿ, ಕೊನೆಗೆ ಸಮುದ್ರ ದಾಟಿದರು.

ಸಿವರ್ಟ್ ಎರಡು ಸಲ ಅದನ್ನು ಹೇಳಿಸಿಕೊಂಡು ಕೇಳಿದ. "ಬಿಟ್ಟು ಹೋಗ್ತೀನಿ ಅಂದನಾ?"

"ಹಾಗಂತೆ," ಎಂದ ಸುದ್ದಿ ತಂದವನು.

"ಕುರ್ಚಿ ಬಿಡ್ತೀನಿ ಅಂದ ರಾಜನ್ನ ನಾನು ಕೇಳಿರಲಿಲ್ಲ," ಎಂದ ಸಿವರ್ಟ್. 

ಮುಂದೆ ಜರ್ಮನರು ಜನರ ರೇಡಿಯೋಗಳನ್ನು ಕಿತ್ತುಕೊಂಡರು, ರಾಜನ ಹೆಸರು ಎತ್ತುವುದೇ ತಪ್ಪಾಯಿತು. ೧೯೪೨ರ ಆಗಸ್ಟಿನಲ್ಲಿ ಅವನ ಎಪ್ಪತ್ತನೆಯ ಹುಟ್ಟುಹಬ್ಬ ಬಂದಾಗ, ಕೋಟಿಗೆ ಹೂ ಸಿಕ್ಕಿಸಿಕೊಂಡು ಓಡಾಡೋಣ ಎಂದು ಜನ ಒಳಗೊಳಗೇ ಮಾತಾಡಿಕೊಂಡರು. ಅಂದು ಬೆಳಿಗ್ಗೆ ಸಿವರ್ಟ್ ಬಂಡೆಯ ಸಂದಿನಿಂದ ಒಂದು ನೀಲಿ ಹೂ ಕಿತ್ತು ಗುಂಡಿಯ ತೂತಿಗೆ ಸಿಕ್ಕಿಸಿದ. ರಾಗ್ನಾ ನೋಡಿ, "ನಿನಗೆ ಯಾಕೋ ಇದು? ಅವನು ನಿನ್ನ ರಾಜ ಅಲ್ಲವಲ್ಲ," ಎಂದಳು. ಗೇಲಿ ಮಾಡುತ್ತಲೇ ಆ ಹೂವನ್ನು ನೆಟ್ಟಗೆ ಮಾಡಿದಳು.

"ರಾಜ ಅಂತ ಅಲ್ಲ ಕಣೇ. ನಮ್ಮ ಓಟಿಗೆ ಮರ್ಯಾದೆ ಕೊಟ್ಟ ಅಂತ."

ರೀಸ್ನೆಸ್ ದೋಣಿ ಹತ್ತಿದಾಗ ಅವನ ಕೋಟಿನಲ್ಲಿ ಗುಲಾಬಿಯಿತ್ತು. ಇಬ್ಬರೂ ಒಬ್ಬರ ಎದೆಯನ್ನು ಒಬ್ಬರು ನೋಡಿದರು. ಅಂದು ಮಾತ್ರ ದೋಣಿಯಲ್ಲಿ ವಾದ ನಡೆಯಲಿಲ್ಲ. ಆಚೆ ದಡದಲ್ಲಿ ಪೊಲೀಸರು ಕಾಯುತ್ತಿದ್ದರು. ಜರ್ಮನರ ಪರ ನಿಂತ ನಾರ್ವೆಯವರೇ. ಹೂ ಕಂಡು ಇಬ್ಬರನ್ನೂ ಹಿಡಿದರು. ರೀಸ್ನೆಸ್ ಮುಂದೆ ಬಂದು, "ಅವನನ್ನ ಬಿಡಿ. ಅವನ ಕೋಟಿಗೆ ಆ ಹೂ ಸಿಕ್ಕಿಸಿದ್ದು ನಾನು. ಅವನಿಗೆ ರಾಜನ್ನ ಕಂಡ್ರೆ ಆಗಲ್ಲ, ಊರಿಗೆಲ್ಲ ಗೊತ್ತು," ಎಂದ.

"ಹೌದೇನೋ?" ಎಂದ ಪೊಲೀಸಿನವನು.

"ರಾಜ ಬೇಡ ಅಂದಿದ್ದು ನಿಜ," ಎಂದ ಸಿವರ್ಟ್. "ಹೂ ಮಾತ್ರ ನಾನೇ ಕಿತ್ತಿದ್ದು."

ಇಬ್ಬರನ್ನೂ ಸೆರೆಮನೆಯ ಒಂದೇ ಕೋಣೆಗೆ ಹಾಕಿದರು. ಚಳಿ ಏರುತ್ತಿದ್ದಂತೆ ಸಿವರ್ಟನಿಗೆ ಕೆಮ್ಮು ಹಿಡಿಯಿತು. ರೀಸ್ನೆಸ್ ತನ್ನ ಉಣ್ಣೆಯ ಒಳಅಂಗಿ ಬಿಚ್ಚಿ ಅವನಿಗೆ ತೊಡಿಸಿದ, ಗಾಳಿ ಬಡಿಯುವ ಕಿಟಕಿಯ ಕಡೆಗೆ ತಾನು ಮಲಗಿದ.

"ಬೇಡ ಸಾಹುಕಾರ್ರೇ, ನೀವು ಹಾಕ್ಕೊಳ್ಳಿ."

"ಇನ್ನೂ ಏನಯ್ಯ ಸಾಹುಕಾರ್ರೇ? ಕಕ್ಕಸಿಗೂ ಒಂದೇ ಬಕೆಟ್ಟಿಗೆ ಹೋಗ್ತಾ ಇದೀವಿ. ಆಂಟನ್ ಅನ್ನು, ನೀನು ಅನ್ನು."

ಸಿವರ್ಟನ ನಾಲಗೆ ಮೊದಲು ತಿರುಗಲಿಲ್ಲ. ಕೊನೆಗೆ, "ಬೆಚ್ಚಗಿದೆ ಆಂಟನ್, ನಿನ್ನ ಅಂಗಿ," ಎಂದ.

ವಯಸ್ಸಾದವನು, ಕಾಯಿಲೆಯವನು ಎಂದು ಚಳಿಗಾಲದಲ್ಲಿ ಸಿವರ್ಟನನ್ನು ಮನೆಗೆ ಬಿಟ್ಟರು. ರೀಸ್ನೆಸ್‌ನನ್ನು ದೂರದ ಸೆರೆಶಿಬಿರಕ್ಕೆ ಒಯ್ದರು. ಆ ಉಣ್ಣೆಯಂಗಿಯಿಲ್ಲದೆ ತಾನು ಬದುಕುತ್ತಿರಲಿಲ್ಲ ಎಂದು ಸಿವರ್ಟ್ ಎಲ್ಲರ ಮುಂದೆ ಹೇಳುತ್ತಿದ್ದ. ರೀಸ್ನೆಸ್‌ನ ಹೆಂಡತಿಗೆ ಆಲೂಗಡ್ಡೆ, ಮೀನು ಏನು ಸಿಕ್ಕರೂ ಕೊಟ್ಟು ಬರುತ್ತಿದ್ದ.

೧೯೪೫ರಲ್ಲಿ ಯುದ್ಧ ಮುಗಿದು ರೀಸ್ನೆಸ್ ಹಿಂದಿರುಗಿದ. ಎಲುಬಿಗೆ ಕೋಟು ತೊಡಿಸಿದಂತಿದ್ದ. ಜೂನಿನಲ್ಲಿ ರಾಜ ಓಸ್ಲೋದಲ್ಲಿ ಹಡಗಿನಿಂದ ಇಳಿದ ದಿನ ರಾಗ್ನಾಳೂ ಸೇರಿ ಮೂವರೂ ರೇಡಿಯೋದ ಮುಂದೆ ಕೂತಿದ್ದರು. ಜನರ ಕೂಗು ಕೇಳುತ್ತ ಸಿವರ್ಟನ ಕಣ್ಣಲ್ಲಿ ನೀರು ಬಂತು, ಅವನು ಒರೆಸಿಕೊಳ್ಳಲಿಲ್ಲ.

"ನಾಳೆ ಮತ್ತೆ ಓಟು ಬಂದ್ರೆ?" ಎಂದ ರೀಸ್ನೆಸ್ ಮೆಲ್ಲಗೆ.

"ಬೇಡ ಅಂತಾನೇ ಹಾಕ್ತೀನಿ, ಆಂಟನ್. ಇವನು ಒಳ್ಳೆಯವನಾದ. ಅದು ನಮ್ಮ ಅದೃಷ್ಟ. ಇವನ ಮೊಮ್ಮಗನ ಮೊಮ್ಮಗ ಎಂಥವನೋ ಯಾರಿಗೆ ಗೊತ್ತು? ಆದ್ರೆ ಈ ಮನುಷ್ಯನ ಋಣ ನನ್ನ ಮೇಲಿದೆ. ಅದನ್ನ ಇಲ್ಲ ಅನ್ನಲ್ಲ."

"ನನಗೂ ಈಗ ಓಟು ಇದೆ," ಎಂದಳು ರಾಗ್ನಾ. "ಅವನು ಹಾಕಿದ್ದನ್ನ ನಾನು ಅಳಿಸ್ತೀನಿ, ಬಿಡಿ ಆಂಟನ್."

ಊರನ್ನು ಮತ್ತೆ ಕಟ್ಟಿದರು. ಕೆಲವು ವರ್ಷಗಳ ಮೇಲೆ ಔಕನ್ ದಂಪತಿಗೂ ಬಂದರಿನ ಮೇಲ್ಗಡೆ ಮನೆಯಾಯಿತು. ರಾಗ್ನಾ ಅದಕ್ಕೆ ಹಳದಿ ಬಣ್ಣ ಬಳಿಸಿದಳು. ಮೊದಲ ಭಾನುವಾರ ರೀಸ್ನೆಸ್ ದಂಪತಿಯನ್ನು ಊಟಕ್ಕೆ ಕರೆದರು. ನೆನೆಸಿ ಬೇಯಿಸಿದ ಒಣಮೀನು, ಆಲೂಗಡ್ಡೆ, ಗಜ್ಜರಿಯ ಗೊಜ್ಜು. ಉಂಡೆದ್ದ ಮೇಲೆ ಅಡುಗೆ ಮಾಡಿದವಳಿಗೆ ಕೃತಜ್ಞತೆ ಹೇಳುವುದು ಅಲ್ಲಿಯ ರೂಢಿ. ಸಿವರ್ಟ್ ರಾಗ್ನಾಳಿಗೆ ಹೇಳಿದ. ಆಮೇಲೆ ರೀಸ್ನೆಸ್‌ನ ಕಡೆ ತಿರುಗಿ ಅವನಿಗೂ ಹೇಳಿದ.

"ನಾನೇನು ಬೇಯಿಸಿದೆನಯ್ಯ?"

"ಏನೂ ಇಲ್ಲ," ಎಂದ ಸಿವರ್ಟ್, ಅವನ ಕೈಯನ್ನು ಬಿಡದೆ. "ಕೂತ್ಕೋ. ರಾಗ್ನಾ ಕಾಫಿ ಇಡ್ತಾಳೆ."