ಮೂರು ಸಲ ಕೂಗಿ ಕೊಡುವ ಸೀಟು

2004. ನಸುಕಿನ ಐದೂವರೆ. ಬೈಲಹೊಂಗಲದ ನಿಲ್ದಾಣದಲ್ಲಿ ರಾಮದುರ್ಗದ ಬಸ್ಸು ಎಂಜಿನ್ ಬಿಸಿ ಮಾಡಿಕೊಳ್ಳುತ್ತ ನಿಂತಿದೆ. ಕಂಡಕ್ಟರ್ ಕೆಂಪವ್ವ ಬಾಗಿಲ ಮೆಟ್ಟಿಲ ಮೇಲೆ ನಿಂತು ಬಾಯಿ ತೆರೆಯುತ್ತಾರೆ, ಮುಚ್ಚುತ್ತಾರೆ. ದಿನಾ ಈ ಹೊತ್ತಿಗೆ ಅವರು ಕೂಗುವ ಮಾತೊಂದಿದೆ: ‘ಶಾಸಕರು ಯಾರರೆ ಬಂದೀರೇನ್ರಿ?’ ಮೂರು ಸಲ ಕೂಗಿದರೂ ಯಾರೂ ಓಗೊಡದಿದ್ದರೆ, ‘ಶಾಸಕರಿಗೆ’ ಎಂದು ಬರೆದ ಮುಂದಿನ ಸೀಟಿನಲ್ಲಿ ನಿಲ್ಲಲಾರದವರನ್ನು ಕೂರಿಸಿ ‘ರೈಟ್’ ಅನ್ನುತ್ತಾರೆ. ಇವತ್ತು ಕೂಗಿಲ್ಲ. ಬಸ್ಸು ತುಂಬಿದೆ, ಆ ಸೀಟು ಖಾಲಿ.

ಕಾರಣ ಅವರ ಚೀಲದಲ್ಲಿದೆ. ಹೋದ ವಾರ ಶಾಸಕರೊಬ್ಬರ ಕಡೆಯವನೊಬ್ಬ ಈ ಬಸ್ಸು ಹತ್ತಿದ್ದ. ಕೂಗು ಕೇಳಿ ಜನ ನಕ್ಕಿದ್ದು ಅವನಿಗೆ ಸೇರಲಿಲ್ಲ. ‘ಜನಪ್ರತಿನಿಧಿಗಳ ಸಾರ್ವಜನಿಕ ಅಪಹಾಸ್ಯ’ಕ್ಕೆ ಸಮಜಾಯಿಷಿ ಕೇಳಿ ಮೆಮೊ ಬಂತು. ಇವತ್ತು ಟ್ರಿಪ್ ಮುಗಿಸಿ ಡಿಪೋದಲ್ಲಿ ಉತ್ತರ ಕೊಡಬೇಕು. ಉತ್ತರ ರುಚಿಸದಿದ್ದರೆ ಅಮಾನತು. ದೊಡವಾಡದ ಮನೆಯಲ್ಲಿ ನಾಲ್ಕು ಜನರ ಊಟ ಈ ನೌಕರಿಯ ಮೇಲಿದೆ. ಹೀಗಾಗಿ ಚೀಲದಲ್ಲಿ ಎರಡು ಉತ್ತರಗಳಿವೆ. ಒಂದು ಡ್ರೈವರ್ ನಿಜಗುಣಪ್ಪ ಹೇಳಿ ಬರೆಸಿದ ಕ್ಷಮಾಪಣೆ. ಇನ್ನೊಂದು ಕೆಂಪವ್ವ ತಾವೇ ಬರೆದದ್ದು, ಒಂದೇ ಸಾಲು.

ಕೂಗು ತಮಾಷೆಗೆ ಹುಟ್ಟಿದ್ದಲ್ಲ. 1998ರಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಕೆಂಪವ್ವನಿಗೆ ನಿಯಮ ಅಂದರೆ ನಿಯಮ. ಯರಗಟ್ಟಿ ಸಂತೆಗೆ ಮೆಂತ್ಯೆ ಸೊಪ್ಪು ಒಯ್ಯುವ, ಮೊಣಕಾಲು ಬಾತ ರಾಚವ್ವ ಆ ಖಾಲಿ ಸೀಟಿನ ಪಕ್ಕದಲ್ಲೇ ನಿಂತಿದ್ದರು. ಮುರಗೋಡದ ಮುಂಚಿನ ತಿರುವಿನಲ್ಲಿ ಬಿದ್ದು ಕಂಬಿಗೆ ಹಣೆ ಒಡೆದುಕೊಂಡರು. ‘ಶಾಸಕರ ಸೀಟಿನ ಮ್ಯಾಲೆ ರಕ್ತಾ ಬಿದ್ದಿತ್ರಿ. ನಾನ ಒರಿಸೀನಿ,’ ಎನ್ನುತ್ತಾರೆ ಕೆಂಪವ್ವ.

ಅಂದಿನಿಂದ ಈ ಕೂಗು. ದಿನಕ್ಕೆ ಇನ್ನೂರು ಕಿಲೋಮೀಟರಿನಂತೆ ಆರು ವರ್ಷ, ಒಬ್ಬ ಶಾಸಕರೂ ಹತ್ತಿಲ್ಲ. ಅವರಿಗೆ ಕಾರಿದೆ, ಕಾರಿಗೆ ಭತ್ಯೆಯಿದೆ, ಭತ್ಯೆ ಏರಿಸುವ ದಿನ ಸದನದಲ್ಲಿ ಎಲ್ಲ ಪಕ್ಷಗಳೂ ಅಣ್ಣತಮ್ಮಂದಿರು. ಬಸ್ಸಿನ ಸೀಟನ್ನು ಮಾತ್ರ ಅವರು ಬಳಸಿಯೂ ಇಲ್ಲ, ಬಿಟ್ಟುಕೊಟ್ಟೂ ಇಲ್ಲ. ಅಲ್ಲಿ ಕೂರುವ ರಾಚವ್ವನಿಗೆ ಜನ ‘ಎಮ್ಮೆಲ್ಲೆ ಆಯಿ’ ಎಂದು ಹೆಸರಿಟ್ಟಿದ್ದಾರೆ.

ಇವತ್ತು ಆಯಿ ಅದೇ ಕಂಬಿ ಹಿಡಿದು ನಿಂತಿದ್ದಾರೆ. ಕೂತವರೆಲ್ಲ ಕಿಟಕಿಯಾಚೆ ಏನೋ ನೋಡುತ್ತಿದ್ದಾರೆ. ‘ಯಾಕವಾ, ನನ್ನ ಅಧಿಕಾರಾ ಮುಗೀತೇನು?’ ಎಂದು ಆಯಿ ಕೇಳಿದರೆ ಬಸ್ಸು ನಗುತ್ತದೆ. ಎರಡನೇ ಸಾಲಿನ ಒಬ್ಬ ಮಾತ್ರ ನಗುವುದಿಲ್ಲ. ಇಸ್ತ್ರಿಯ ಬಿಳಿ ಅಂಗಿ, ಗುರುತಿಲ್ಲದ ಮುಖ. ಕೆಂಪವ್ವನ ಕಣ್ಣು ಹೊರಳಿ ಹೊರಳಿ ಆ ಅಂಗಿಗೇ ಹೋಗುತ್ತದೆ.

‘ಖಾಲೀನ ಇರ್ಲಿ ಕೆಂಪವ್ವಾ, ಒಂದ ದಿನದ ಮಾತು,’ ಎಂದು ನಿಜಗುಣಪ್ಪ ಕತ್ತು ತಿರುಗಿಸದೆ ಹೇಳುತ್ತಾರೆ.

ಬಸ್ಸು ಹೊರಟು ಮುರಗೋಡದ ಆ ತಿರುವು ಹತ್ತಿರವಾಗುತ್ತದೆ. ಆಯಿ ಎರಡೂ ಕೈಯಿಂದ ಕಂಬಿ ಹಿಡಿಯುತ್ತಾರೆ. ಕೆಂಪವ್ವ ಗಂಟೆಯ ಹಗ್ಗ ಜಗ್ಗುತ್ತಾರೆ. ಹೊಲದ ನಡುವೆ ಬಸ್ಸು ನಿಲ್ಲುತ್ತದೆ.

‘ಶಾಸಕರು ಯಾರರೆ ಬಂದೀರೇನ್ರಿ?’

ಯಾರೂ ನಗುವುದಿಲ್ಲ. ಎರಡನೇ ಸಲ. ಮೂರನೇ ಸಲ ಕೂಗುತ್ತಿದ್ದಂತೆ ಬಿಳಿ ಅಂಗಿ ಎದ್ದು ನಿಲ್ಲುತ್ತದೆ. ಆತ ತನ್ನದು ಇಲ್ಲೇ ತೋಟ, ಬಸ್ಸು ನಿಂತಿದ್ದು ಅನುಕೂಲವೇ ಆಯಿತು ಅನ್ನುತ್ತಾನೆ. ಆದರೆ ಇಳಿಯುವ ಮುನ್ನ ಆಕೆಯ ಎದೆಯ ಬಿಲ್ಲೆಯ ನಂಬರನ್ನು ನಿಧಾನವಾಗಿ ಓದಿಕೊಳ್ಳುತ್ತಾನೆ.

ಕೆಂಪವ್ವ ರಾಚವ್ವನ ರಟ್ಟೆ ಹಿಡಿದು ಸೀಟಿನಲ್ಲಿ ಕೂರಿಸುತ್ತಾರೆ. ಬಸ್ಸು ತಿರುವು ದಾಟುತ್ತದೆ.

ಮಧ್ಯಾಹ್ನ ಬೈಲಹೊಂಗಲದ ಡಿಪೋದಲ್ಲಿ ಸಾಹೇಬರ ಮೇಜಿನ ಮೇಲೆ ಬೀಳುವುದು ಎರಡನೆಯ ಉತ್ತರ: ‘ಶಾಸಕರ ಸೀಟನ್ನು ಯಾವ ಊರಿನವರೆಗೆ ಖಾಲಿ ಹಿಡಿಯಬೇಕು, ದಯಮಾಡಿ ಬರೆದು ತಿಳಿಸಬೇಕು.’ ಸಾಹೇಬರು ಎರಡು ಸಲ ಓದುತ್ತಾರೆ. ಮೇಲಿನವರಿಗೆ ಕಳಿಸುವುದಾಗಿ ಹೇಳಿ ಫೈಲು ಮುಚ್ಚುತ್ತಾರೆ.

ಹೊರಗೆ ಬೇವಿನ ನೆರಳಿನಲ್ಲಿ ಕೆಂಪವ್ವ ನೀರು ಕುಡಿಯುತ್ತಾರೆ. ಅರ್ಧ ನೀರು ಖಾಕಿಯ ಮೇಲೆ ಚೆಲ್ಲುತ್ತದೆ. ‘ಸೀಟು ತಗೀರಿ ಅಂದಿಲ್ರಿ ನಾ. ಅವರು ಬಂದ್ರ ಆಯೀನ ಎಬ್ಬಿಸಿ ಕುಂಡ್ರಸ್ತೇನಿ. ಬರಲಾರದವರಿಗೆ ಎಷ್ಟ ದೂರ ಹಿಡೀಬೇಕು, ಅಷ್ಟ ಹೇಳ್ಲಿ.’

ಗೋಡೆಯ ಮೇಲೆ ನಾಳಿನ ಡ್ಯೂಟಿ ಪಟ್ಟಿ ಇನ್ನೂ ಅಂಟಿಸಿಲ್ಲ. ಅವರ ಕಣ್ಣು ಅಲ್ಲೇ ಇದೆ.

‘ನನ್ನ ಹೆಸರು ಇತ್ತಂದ್ರ, ನಾಳೆ ತಿರುವಿನ ತನಕಾ ಕಾಯೂದಿಲ್ರಿ. ಸ್ಟ್ಯಾಂಡಿನ್ಯಾಗ ಕೂಗತೇನಿ.’