ಆಲಂ ಹೆಚ್ಚಿಸಿ ಎಂದದ್ದು ನಾನೇ

ಕೊರೋನಾ ಕಳೆದ ಮರುವರ್ಷ. ಬಂಟ್ವಾಳದ ಹತ್ತಿರ ಹೊಳೆ ನೀರನ್ನು ಶುದ್ಧಮಾಡಿ ಒಂಬತ್ತು ಊರುಗಳಿಗೆ ಬಿಡುವ ಘಟಕಕ್ಕೆ ನಾನು ಕೆಮಿಸ್ಟ್. ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಘಟಕಗಳೂ ನನ್ನ ಕೊರಳಿಗೇ ಬಿದ್ದಿದ್ದವು. ಹಾಗಾಗಿ ಅರ್ಧ ನೌಕರಿ ಬಸ್ಸಿನಲ್ಲಿ, ಇನ್ನರ್ಧ ಫೋನಿನಲ್ಲಿ. ಬಂಟ್ವಾಳದ ಆಪರೇಟರ್ ವಾಮನಣ್ಣ ಗುತ್ತಿಗೆ ನೌಕರರು. ನಾನು ಹೇಳಿದ್ದೆಲ್ಲ ಅವರಿಗೆ ವೇದವಾಕ್ಯ. ನನ್ನಂಥ ಬಾಯಿಬಡುಕಿಗೆ ಅಂಥವರು ಸಿಗಬಾರದು.

ಜೂನ್ ತಿಂಗಳ ಮೊದಲ ಮಳೆಗೆ ಹೊಳೆ ಕೆಂಪಾಯಿತು. ಜೇಡಿಮಣ್ಣಿನ ಕಣಗಳು ತೀರಾ ಸಣ್ಣವು, ಮೈಮೇಲೆ ಋಣ ವಿದ್ಯುದಂಶ ಹೊತ್ತವು. ಎಲ್ಲಕ್ಕೂ ಒಂದೇ ಬಗೆಯದಾದ್ದರಿಂದ ಒಂದನ್ನೊಂದು ತಳ್ಳುತ್ತ ದಿನಗಟ್ಟಲೆ ತೇಲುತ್ತವೆ. ಆಲಂ, ಅಂದರೆ ಪಟಿಕ ಹಾಕಿದರೆ ಅದರ ಧನ ವಿದ್ಯುದಂಶ ಈ ಜಗಳ ಬಿಡಿಸುತ್ತದೆ. ಆಗ ಕಣಗಳು ಅಂಟಿಕೊಂಡು, ನೆನೆದ ಅವಲಕ್ಕಿಯಷ್ಟು ದಪ್ಪವಾಗಿ, ತಳಕ್ಕೆ ಇಳಿಯುತ್ತವೆ.

ನೀರು ತಿಳಿಯಾಗುತ್ತಿಲ್ಲ ಎಂದು ವಾಮನಣ್ಣ ಫೋನ್ ಮಾಡಿದಾಗ ನಾನು ಮೂಡುಬಿದಿರೆಯ ಬಸ್ಸಿನಲ್ಲಿ ನೇತಾಡುತ್ತಿದ್ದೆ. ಆಲಂ ಹೆಚ್ಚಿಸಿ ಎಂದೆ. ಮರುದಿನವೂ ಅದೇ ದೂರು, ನನ್ನದೂ ಅದೇ ಉತ್ತರ. ಮೂರನೆಯ ದಿನ ಊರವರು ಕೆಂಪು ನೀರಿನ ಕೊಡಪಾನ ಹಿಡಿದು ಪಂಚಾಯಿತಿಗೆ ಬಂದರು. ಗುತ್ತಿಗೆದಾರರ ಮ್ಯಾನೇಜರ್ ಸಂಜೆ ನಾಲ್ಕಕ್ಕೆ ಬಂದು ವಾಮನಣ್ಣನನ್ನು ಕೆಲಸದಿಂದ ತೆಗೆಯುತ್ತಾರೆಂದು ಸುದ್ದಿ. ನಾನು ಎದ್ದೆನೋ ಬಿದ್ದೆನೋ ಎಂದು ಓಡಿದೆ.

ಎಷ್ಟು ಆಲಂ ಬೇಕೆಂದು ತಿಳಿಯಲು ಜಾರ್ ಟೆಸ್ಟ್ ಮಾಡಬೇಕು. ಅದರ ಯಂತ್ರ ಕೆಟ್ಟು ಮೂಲೆ ಸೇರಿತ್ತು. ಮೆಲ್ಕಾರಿನ ಅಂಗಡಿಯೊಂದರಿಂದ ಆರು ಮಿಠಾಯಿ ಬಾಟಲಿ ತರಿಸಿ, ತೊಳೆದು, ಹೊಳೆ ನೀರು ತುಂಬಿಸಿದೆವು. ಲೀಟರಿಗೆ ಹತ್ತು ಮಿಲಿಗ್ರಾಂನಿಂದ ಎಂಬತ್ತರವರೆಗೆ ಆಲಂ ಹಾಕಿ, ಸೌಟಿನಲ್ಲಿ ತಿರುವುತ್ತ ಕೂತೆವು.

"ನೀರು ತಿಳಿಯಾಗಲಿ ಅಂತ ನಮ್ಮ ಬಾವಿಗೆ ನೆಲ್ಲಿಮರದ ಹಲಗೆ ಹಾಕಿದ್ದೇವೆ ಮೇಡಂ. ಇಲ್ಲಿಗೂ ಒಂದು ಹಾಕುವನಾ?" ಎಂದು ವಾಮನಣ್ಣ ಗಂಭೀರವಾಗಿ ಕೇಳಿದರು. ಆ ಸಂಕಟದಲ್ಲೂ ನನಗೆ ನಗು ತಡೆಯಲಾಗಲಿಲ್ಲ.

ಅರ್ಧ ಗಂಟೆಯಲ್ಲಿ ಮೂವತ್ತರ ಬಾಟಲಿ ತಿಳಿಯಾಯಿತು. ನಾವು ಘಟಕದಲ್ಲಿ ಸುರಿಯುತ್ತಿದ್ದ ಎಂಬತ್ತರದು ಕೆಂಪಾಗಿಯೇ ಇತ್ತು. ಆಲಂ ಅತಿಯಾಗಿ ಕಣಗಳೆಲ್ಲ ಈಗ ಧನ ವಿದ್ಯುದಂಶ ಹೊತ್ತು, ಮತ್ತೆ ಒಂದನ್ನೊಂದು ತಳ್ಳುತ್ತಿದ್ದವು. ಕಾಲೇಜಿನಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದ ಪಾಠ! ನನ್ನ ತಲೆಗೆ ನಾನೇ ಕುಟ್ಟಿಕೊಂಡೆ.

ಮ್ಯಾನೇಜರ್ ಬಂದು ಲಾಗ್ ಪುಸ್ತಕ ತೆರೆದರು. ಎರಡು ದಿನವೂ ಬರೆದದ್ದು "ಆಲಂ ಹೆಚ್ಚಿಸಿದೆ" ಎಂದಷ್ಟೇ. ಯಾರು ಹೇಳಿದ್ದೆಂದು ಕೇಳಿದರೆ ವಾಮನಣ್ಣ ಸೌಟು ತೊಳೆಯಲು ಹೊರಟರು. ನನ್ನ ಹೆಸರು ಯಾಕೆ ಬರೆಯಲಿಲ್ಲ ಎಂದು ನಾನೇ ಗದರಿದೆ.

"ನಿಮ್ಮ ಹೆಸರು ಬರೆದರೆ ನಾನು ಕೈ ತೊಳೆದುಕೊಂಡ ಹಾಗೆ ಆಗ್ತದಲ್ಲ ಮೇಡಂ," ಎಂದರು.

ಪೆನ್ನು ತೆಗೆದು ಎರಡೂ ಸಾಲಿನ ಮುಂದೆ "ಕೆಮಿಸ್ಟ್ ಹೇಳಿದಂತೆ" ಎಂದು ಬರೆದು ಸಹಿ ಹಾಕಿದೆ. ಮ್ಯಾನೇಜರ್ ಬಾಟಲಿಗಳನ್ನೂ ನನ್ನನ್ನೂ ನೋಡಿ ಪುಸ್ತಕ ಮುಚ್ಚಿದರು. ಘಟಕದ ಆಲಂ ಮೂವತ್ತಕ್ಕೆ ಇಳಿಸಿದೆವು, ಮರುದಿನ ನಲ್ಲಿಗಳಲ್ಲಿ ತಿಳಿನೀರು ಬಂತು. ನನಗೊಂದು ನೋಟಿಸ್ ಬಂತು, ಬರಬೇಕಾದ್ದೇ.

ಕಾಣದ ನೀರಿಗೆ ಮದ್ದು ಹೇಳಬಾರದೆಂದು ಈ ನೌಕರಿ ನನಗೆ ಕಲಿಸಿತು. ವಾಮನಣ್ಣ ಈಗಲೂ ಅಲ್ಲೇ ಇದ್ದಾರೆ. ನಾನು ಅಪ್ಪಿತಪ್ಪಿ ಫೋನಿನಲ್ಲಿ ಡೋಸ್ ಹೇಳಲು ಹೊರಟರೆ ಮೆಲ್ಲಗೆ ತಡೆಯುತ್ತಾರೆ: "ಒಮ್ಮೆ ಬಂದು ನೋಡಿ ಹೇಳಿ ಮೇಡಂ."